ಕುಣಿತ, ಹೆಜ್ಜೆ, ಆಟ, ನೃತ್ಯ: ಯಾವ ಪದ ಎಲ್ಲಿ ಹೊಂದುತ್ತದೆ?

ಕೊಪ್ಪಳ ಪದಪಟ್ಟಿ:
ಎಲ್ಲರಿಗೂ ನಮಸ್ಕಾರ. ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಸಮಾನಾರ್ಥಕ ಪದಗಳ ಪಟ್ಟಿ ತಯಾರಾಗುತ್ತಿದೆ. ಈಗ ‘ಕುಣಿತ’ದ ಸರದಿ. ಗೈಡುಗಳಲ್ಲಿ ನೃತ್ಯ, ನರ್ತನ, ನಾಟ್ಯ, ತಾಂಡವ, ಲಾಸ್ಯ ಎಂದು ಸಾಲಾಗಿ ಬರೆದು ಮುಂದಿನ ಪದಕ್ಕೆ ಹೋಗಿಬಿಡುತ್ತಾರೆ. ಆದರೆ ‘ಮಳೆ ಬಂತೆಂದು ಹುಡುಗರು ಕುಣಿದಾಡಿದರು’ ಎಂಬ ಕಡೆ ‘ನಾಟ್ಯವಾಡಿದರು’ ಎಂದು ಹಾಕಿದರೆ ಓದುವ ಮಗುವೇ ತಡವರಿಸುತ್ತದೆ. ನಮ್ಮ ಊರುಗಳಲ್ಲಿ ದಿನಾ ಕಿವಿಗೆ ಬೀಳುವ ಹೆಜ್ಜೆ, ಆಟ, ಮೇಳ, ಮಜಲು ಯಾವ ಪಟ್ಟಿಯಲ್ಲೂ ಇಲ್ಲ. ಇವುಗಳಲ್ಲಿ ಯಾವುದಕ್ಕೆ ಯಾವುದು ನಿಜಕ್ಕೂ ಸಮಾನ, ಯಾವುದು ಬರೀ ಹತ್ತಿರದ್ದು, ಯಾವ ಪದಕ್ಕೆ ಯಾವ ಕ್ರಿಯಾಪದ ಹತ್ತುತ್ತದೆ ಎಂಬುದನ್ನು ತಿಳಿದವರು ಉದಾಹರಣೆ ಸಮೇತ ಬರೆಯಬೇಕು.

ಬಳ್ಳಾರಿ ವ್ಯಾಕರಣ:
ಮೊದಲು ‘ಕುಣಿ’ ಧಾತುವನ್ನೇ ಹಿಡಿಯೋಣ. ಅಚ್ಚಗನ್ನಡದ ಕ್ರಿಯಾಪದ. ಅದಕ್ಕೆ ‘ತ’ ಪ್ರತ್ಯಯ ಹತ್ತಿ ‘ಕುಣಿತ’ ಆಯಿತು. ಬಡಿ–ಬಡಿತ, ಮಿಡಿ–ಮಿಡಿತ, ತುಳಿ–ತುಳಿತ, ಹಿಡಿ–ಹಿಡಿತ ಎಲ್ಲವೂ ಇದೇ ದಾರಿಯಲ್ಲಿ ಬಂದ ಭಾವನಾಮಗಳು. ‘ಕಲಿ–ಕಲಿಕೆ’ ಎಂಬ ಇನ್ನೊಂದು ದಾರಿ ಹಿಡಿದು ಯಾರಾದರೂ ‘ಕುಣಿಕೆ’ ಎಂದು ಬರೆದರೆ ಅರ್ಥ ಪೂರ್ತಿ ಬೇರೆ. ಕುಣಿಕೆ ಎಂದರೆ ಹಗ್ಗದ ಜಾರುಗಂಟು. ಪರೀಕ್ಷೆಯಲ್ಲಿ ಇದು ಬರುವ ತಪ್ಪು, ಪಟ್ಟಿಯಲ್ಲೇ ಎಚ್ಚರಿಕೆ ಬರೆದುಬಿಡಿ.

‘ಕುಣಿ’ಯ ಅರ್ಥಗಳು ಹೀಗೆ ಕವಲೊಡೆಯುತ್ತವೆ. ತಾಳಕ್ಕೆ ಸರಿಯಾಗಿ ಮೈಕೈ ಆಡಿಸುವುದು ಮೂಲ ಅರ್ಥ. ಸಂತೋಷ ತಡೆಯಲಾರದೆ ನೆಗೆದಾಡುವುದು ಎರಡನೆಯದು. ಇದಕ್ಕೆ ತಾಳ ಬೇಕಿಲ್ಲ, ‘ಕುಣಿದಾಡು’ ಎಂಬ ಕೂಡುಪದ ಹೆಚ್ಚಾಗಿ ಈ ಅರ್ಥಕ್ಕೇ ಮೀಸಲು. ಸೊಕ್ಕಿನಿಂದ ಮೆರೆಯುವುದು ಮೂರನೆಯದು: ‘ನಾಕು ಕಾಸು ಕೈಗೆ ಬಂದ್ರ ಇಷ್ಟು ಕುಣಿಬ್ಯಾಡ’. ಇನ್ನೊಬ್ಬರ ಮಾತಿನಂತೆ ನಡೆಯುವುದು ನಾಲ್ಕನೆಯದು: ‘ಅವರು ಹಾಕಿದ ತಾಳಕ್ಕೆ ಇವರು ಕುಣಿತಾರೆ’. ಈ ಕೊನೆಯ ಎರಡು ಕಡೆ ನೃತ್ಯ, ನಾಟ್ಯ, ನರ್ತನ ಯಾವುದೂ ನಡೆಯುವುದಿಲ್ಲ. ‘ಕುಣಿಲಾರದಾಕಿ ನೆಲಾ ಡೊಂಕು ಅಂದ್ಲಂತ’ ಎಂಬ ಗಾದೆಯಲ್ಲಿ ‘ನೃತ್ಯ ಮಾಡಲಾರದವಳು’ ಎಂದು ಹಾಕಿ ನೋಡಿ, ಗಾದೆ ಅಲ್ಲೇ ಸತ್ತುಹೋಗುತ್ತದೆ.

ಪ್ರೇರಣಾರ್ಥಕ ರೂಪ ‘ಕುಣಿಸು’. ಮಗುವನ್ನು ಮೊಣಕಾಲ ಮೇಲೆ ಕುಣಿಸುತ್ತಾರೆ, ಹುಬ್ಬು ಕುಣಿಸುತ್ತಾರೆ. ಆದರೆ ಮಂಗವನ್ನೂ ಹಾವನ್ನೂ ತೊಗಲುಗೊಂಬೆಯನ್ನೂ ನಮ್ಮ ಕಡೆ ‘ಆಡಿಸು’ತ್ತಾರೆ. ಈ ಭೇದ ನಿಘಂಟಿನಲ್ಲಿ ಎದ್ದು ಕಾಣುವುದಿಲ್ಲ, ಬಳಕೆಯಲ್ಲಿ ಗಟ್ಟಿಯಾಗಿದೆ.

ಗಂಗಾವತಿ ಓದುಗ:
ಸರ್, ‘ಕುಣಿ’ಗೆ ತಗ್ಗು ಎಂಬ ಅರ್ಥವೂ ಇದೆಯಲ್ಲ? ‘ಕುಣಿ ತೋಡು’ ಎನ್ನುವುದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಬಳ್ಳಾರಿ ವ್ಯಾಕರಣ:
ಇಲ್ಲ. ಅದು ಬೇರೆ ಪದ, ನಾಮಪದ. ಗುಣಿ, ಕುಳಿ ಇವುಗಳ ಸಂಬಂಧಿ. ಶವ ಹೂಳುವ ತಗ್ಗಿಗೂ ಸಸಿ ನೆಡುವ ತಗ್ಗಿಗೂ ಉತ್ತರದ ಜಿಲ್ಲೆಗಳಲ್ಲಿ ಕುಣಿ ಎನ್ನುತ್ತಾರೆ. ಉಚ್ಚಾರ ಒಂದೇ, ಬೇರು ಎರಡು. ಪಟ್ಟಿಯಲ್ಲಿ ಇದನ್ನು ‘ನಾನಾರ್ಥ’ದ ಕೆಳಗೆ ಹಾಕಿ, ‘ಸಮಾನಾರ್ಥಕ’ದ ಕೆಳಗಲ್ಲ.

ಮುದಗಲ್ ಹೆಜ್ಜೆ:
ಈ ಎರಡು ‘ಕುಣಿ’ ಒಂದೇ ಮಾತಿನ್ಯಾಗ ಬರೋ ಜಾಗ ನಮ್ಮಲ್ಲೇ ಐತ್ರಿ. ಮೊಹರಂ ಬಂತಂದ್ರ ರಾಯಚೂರು, ಕೊಪ್ಪಳ, ಬಳ್ಳಾರಿ ಊರೂರೊಳಗ ಮಸೂತಿ ಮುಂದ ‘ಅಲಾಯಿ ಕುಣಿ’ ತೆಗೀತಾರ. ಗುದ್ದಲಿ ಹಾಕೋದೇ ಒಂದು ಶಾಸ್ತ್ರ. ಅದರಾಗ ಬೆಂಕಿ ಹಾಕಿ ಸುತ್ತಲೂ ಕುಣಿಯೋದು ‘ಅಲಾಯಿ ಕುಣಿತ’. ಹಿಂಗಾಗಿ ‘ಅಲಾಯಿ ಕುಣಿ ಸುತ್ತ ಕುಣಿದ್ರು’ ಅಂದ್ರ ಮೊದಲನೇ ಕುಣಿ ತಗ್ಗು, ಎರಡನೇದು ಕುಣಿತ. ಮಕ್ಕಳಿಗೆ ನಾನಾರ್ಥ ತಿಳಿಸಾಕ ಇದಕ್ಕಿಂತ ಚಲೋ ವಾಕ್ಯ ಸಿಗಂಗಿಲ್ಲ.

ಅಲ್ಲೇ ಇನ್ನೊಂದು ಮಾತು. ಹಬ್ಬದ ‘ಕತ್ತಲ ರಾತ್ರಿ’ಯೊಳಗಿನ ‘ಕತ್ತಲ’ ನಮ್ಮ ಕತ್ತಲೆ ಅಲ್ಲ, ಅರಬ್ಬಿಯ ‘ಕತ್ಲ್’, ಹತ್ಯೆ ಅಂತ ಅರ್ಥ. ಕರ್ಬಲಾದಾಗ ಆದ ಹತ್ಯೆಯ ನೆನಪು. ಕನ್ನಡ ಬಾಯಿಗೆ ಬಂದು ಕತ್ತಲ ಆಗೇತಿ.

ಈಗ ಹೆಜ್ಜಿ ವಿಚಾರ. ಅಲಾಯಿ ಕುಣಿ ಸುತ್ತ ಆಡೋದಕ್ಕ ನಾವು ಹೆಚ್ಚಾಗಿ ‘ಹೆಜ್ಜಿ ಹಾಕೋದು’ ಅಂತೀವಿ. ‘ಹೆಜ್ಜಿ ಕುಣಿಯೋದು’ ಅನ್ನಂಗಿಲ್ಲ, ‘ಹೆಜ್ಜಿ ಮಾಡೋದು’ ಅಂತೂ ಇಲ್ಲವೇ ಇಲ್ಲ. ಕೂಡಿ ಹೆಜ್ಜಿ ಹಾಕೋ ತಂಡ ‘ಹೆಜ್ಜಿ ಮೇಳ’. ಮೇಳ ಅಂದ್ರ ತಂಡ, ಕುಣಿತ ಅಲ್ಲ. ಭಜನಿ ಮೇಳ, ಡೊಳ್ಳಿನ ಮೇಳ ಇದ್ದಂಗ. ಆದ್ದರಿಂದ ‘ಮೇಳ’ವನ್ನ ಕುಣಿತಕ್ಕ ಸಮಾನಪದ ಅಂತ ಬರೀಬ್ಯಾಡ್ರಿ.

ಹೆಜ್ಜಿ ಊರಿಗೊಂದು ಥರ. ಹೊಸಬರಿಗೆ ಮೊದಲು ಕೊಡೋದು ಸಾದಾ ನಾಕರ ಹೆಜ್ಜಿ: ಬಲಗಾಲು ಮುಂದ, ಎಡಗಾಲು ಮುಂದ, ಮತ್ತ ಬಲಗಾಲು, ನಾಕನೇ ಪೆಟ್ಟಿಗೆ ಎಡಗಾಲಿನ ತುದಿ ಮಾತ್ರ ನೆಲಕ್ಕ ತಾಗಿಸಿ ಎತ್ತೋದು. ಅದೇ ಎತ್ತಿದ ಎಡಗಾಲಿನಿಂದ ಮುಂದಿನ ಸುತ್ತು ಶುರು. ಹೊಸಬರು ತಪ್ಪೋದು ಈ ನಾಕನೇ ಪೆಟ್ಟಿಗೇ. ತುದಿ ತಾಗಿಸೋ ಬದಲು ಪೂರ್ತಿ ಅಂಗಾಲು ಊರಿ ಭಾರ ಬಿಟ್ಟುಬಿಡ್ತಾರ, ಆಮ್ಯಾಲೆ ಅದೇ ಕಾಲು ಎತ್ತಾಕ ಆಗಂಗಿಲ್ಲ, ಅರ್ಧ ಪೆಟ್ಟು ಹಿಂದ ಬೀಳ್ತಾರ. ಎರಡು ಸಾಲು ಮಾಡಿ ಸುತ್ತು ಕಟ್ಟಿದಾಗ ಹೊರಗಿನ ಸಾಲಿಗೆ ದಾರಿ ಹೆಚ್ಚು. ಅವರು ಹೆಜ್ಜಿ ಉದ್ದ ಮಾಡಬೇಕು, ಜೋರು ಮಾಡಬಾರದು. ಜೋರು ಮಾಡಿದ್ರ ಹಲಗಿ (ಬಡಿಯೋ ಚರ್ಮವಾದ್ಯ) ಬಿಟ್ಟು ಮುಂದ ಓಡ್ತಾರ. ಹಲಗಿ ಚರ್ಮ ತಂಪು ಹಿಡಿದ್ರ ನಾದ ಸಡಿಲಾಗಿ ಪೆಟ್ಟು ಕಿವಿಗೆ ಬಿಡಿಸಿ ಕೇಳಂಗಿಲ್ಲ. ನಡು ನಡುವ ಬೆಂಕಿಗೆ ಹಿಡಿದು ಕಾಸಿಕೋತಾರ. ಆ ಹೊತ್ತಿನ್ಯಾಗ ಮುಂದಾಳು ರಿವಾಯತ ಪದ (ಮೊಹರಂ ಹಾಡು) ಎತ್ತಿ ಸುತ್ತು ಕೆಡದಂಗ ಹಿಡಿದಿರ್ತಾನ.

ರಾಯಚೂರು ಶಾಸ್ತ್ರ:
ಸಂಸ್ಕೃತದ ಪದಗಳ ಕಡೆ ಬರುತ್ತೇನೆ. ಗೈಡಿನ ಆ ಸಾಲು ಹೊಸದೇನಲ್ಲ. ಅಮರಕೋಶದ ನಾಟ್ಯವರ್ಗದಲ್ಲೇ ತಾಂಡವ, ನಟನ, ನಾಟ್ಯ, ಲಾಸ್ಯ, ನೃತ್ಯ, ನರ್ತನ ಈ ಆರನ್ನೂ ಒಂದೇ ಅರ್ಥಕ್ಕೆ ಕಟ್ಟಿಹಾಕಿದೆ. ಕೋಶದ ಉದ್ದೇಶ ಕವಿಗೆ ಪದ ಒದಗಿಸುವುದು. ಛಂದಸ್ಸಿಗೆ ಎರಡು ಅಕ್ಷರ ಬೇಕಾದರೆ ಲಾಸ್ಯ, ಮೂರು ಬೇಕಾದರೆ ನರ್ತನ. ಶಾಸ್ತ್ರದ ಉದ್ದೇಶ ಅದಲ್ಲ, ಅಲ್ಲಿ ಒಂದೊಂದನ್ನೂ ಬಿಡಿಸಿ ಹೇಳಬೇಕು. 10ನೇ ಶತಮಾನದ ನಾಟ್ಯಗ್ರಂಥ ದಶರೂಪಕ ಮೂರನ್ನು ಸ್ಪಷ್ಟವಾಗಿ ಬೇರೆ ಮಾಡುತ್ತದೆ. ತಾಳ ಮತ್ತು ಲಯವನ್ನು ಮಾತ್ರ ಆಶ್ರಯಿಸಿದ್ದು ನೃತ್ತ. ಭಾವವನ್ನು ಆಶ್ರಯಿಸಿದ್ದು ನೃತ್ಯ. ರಸವನ್ನು ಆಶ್ರಯಿಸಿ, ಪಾತ್ರಗಳ ಅವಸ್ಥೆಯನ್ನು ಅನುಕರಿಸಿ ತೋರಿಸುವುದು ನಾಟ್ಯ.

ಇದನ್ನು ಮಕ್ಕಳಿಗೆ ತೋರಿಸಲು ಒಂದು ಭರತನಾಟ್ಯ ಕಾರ್ಯಕ್ರಮವೇ ಸಾಕು. ಅಲರಿಪು, ಜತಿಸ್ವರ, ತಿಲ್ಲಾನ ನೃತ್ತ. ಅಲ್ಲಿ ಹಸ್ತಕ್ಕೆ ಕಥೆಯ ಅರ್ಥ ಇಲ್ಲ, ಅಂದ ಮತ್ತು ಅಳತೆ ಮಾತ್ರ. ಪದ, ಜಾವಳಿ ನೃತ್ಯ. ಸಾಹಿತ್ಯದ ಒಂದೊಂದು ಮಾತಿಗೂ ಮುಖ, ಕೈ ಉತ್ತರ ಕೊಡುತ್ತವೆ. ವರ್ಣದಲ್ಲಿ ಎರಡೂ ಸರದಿಯಂತೆ ಬರುತ್ತವೆ. ವೇಷ, ಮಾತು, ಕಥೆ, ಹಲವು ಪಾತ್ರಗಳು ಎಲ್ಲ ಕೂಡಿದ್ದು ನಾಟ್ಯ. ಹಾಗೆ ನೋಡಿದರೆ ನಮ್ಮ ದೊಡ್ಡಾಟಕ್ಕೆ ‘ನಾಟ್ಯ’ ಎಂಬುದು ಶಾಸ್ತ್ರಕ್ಕೆ ಹತ್ತಿರದ ಹೆಸರು, ಒಬ್ಬರೇ ಆಡುವ ತಿಲ್ಲಾನಕ್ಕಲ್ಲ. ಭರತನಾಟ್ಯ ಎಂಬ ಹೆಸರು ಈಗಿನ ಅರ್ಥದಲ್ಲಿ ಬಳಕೆಗೆ ನಿಂತದ್ದು 1930ರ ದಶಕದಲ್ಲಿ, ಅದಕ್ಕೆ ಮುಂಚೆ ತಮಿಳುನಾಡಿನಲ್ಲಿ ಅದು ಸದಿರ್. ಆ ಹೆಸರಿನ ಬಲದಿಂದ ಇಂದು ಕನ್ನಡದಲ್ಲಿ ‘ನಾಟ್ಯ’ ಎಂದರೆ ಶಾಸ್ತ್ರೀಯ ನೃತ್ಯ ಎಂಬ ಅರ್ಥವೇ ಮುಂದಾಗಿದೆ.

‘ನೃತ್’ ಧಾತುವಿಗೆ ಪಾಣಿನೀಯ ಧಾತುಪಾಠ ಕೊಡುವ ಅರ್ಥ ಗಾತ್ರವಿಕ್ಷೇಪ, ಎಂದರೆ ಮೈಯನ್ನು ಅತ್ತಿತ್ತ ಬೀಸುವುದು. ‘ನಟ’, ‘ನಾಟಕ’, ‘ನಾಟ್ಯ’ ಕೂಡ ಅದೇ ಧಾತು ಪ್ರಾಕೃತದ ಬಾಯಲ್ಲಿ ತಿರುಗಿ ಬಂದ ರೂಪದಿಂದ ಹುಟ್ಟಿದವು.

ತಾಂಡವ, ಲಾಸ್ಯಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ತಾಂಡವ ಎಂದರೆ ಸಿಟ್ಟಿನ ಕುಣಿತ, ಗಂಡಸರದು. ಲಾಸ್ಯ ಎಂದರೆ ಹೆಂಗಸರದು ಎಂದು. ನಾಟ್ಯಶಾಸ್ತ್ರದ ನಾಲ್ಕನೇ ಅಧ್ಯಾಯ ತಾಂಡವವನ್ನು ಹೇಳುತ್ತದೆ: ಅಲ್ಲಿರುವುದು 108 ಕರಣಗಳು, ಅವನ್ನು ಜೋಡಿಸಿದ 32 ಅಂಗಹಾರಗಳು. ಕೈಯ ಚಲನೆಯೂ ಕಾಲಿನ ಚಲನೆಯೂ ಸೇರಿ ಒಂದು ಕರಣ. ಇದರಲ್ಲಿ ಸಿಟ್ಟು ಎಲ್ಲಿ ಬಂತು? ಶಿವನ ಅನುಚರ ತಂಡು ಕಲಿಸಿದ್ದರಿಂದ ತಾಂಡವ ಎಂದು ಹೆಸರು. ಲಾಸ್ಯ ಸುಕುಮಾರವಾದ ಪ್ರಯೋಗ. ಗಂಡಸೂ ಲಾಸ್ಯ ಮಾಡಬಹುದು, ಹೆಂಗಸೂ ತಾಂಡವದ ಕರಣ ಮಾಡಬಹುದು.

ಸಿಂಧನೂರು ಸುದ್ದಿಮನೆ:
ಪತ್ರಿಕೆಗಳಿಂದಾಗಿಯೇ ಆ ತಿಳಿವಳಿಕೆ ಬೇರೂರಿತು ಅನ್ನಿ. ‘ಬಡತನ ತಾಂಡವವಾಡುತ್ತಿದೆ’, ‘ಸಮಸ್ಯೆಗಳು ತಾಂಡವವಾಡುತ್ತಿವೆ’ ಎಂದು ದಿನಾ ಬರೆಯುತ್ತೇವೆ. ‘ಸುಖ ತಾಂಡವವಾಡುತ್ತಿದೆ’ ಎಂದು ಯಾರೂ ಬರೆಯುವುದಿಲ್ಲ. ಲಾಸ್ಯದ್ದು ತದ್ವಿರುದ್ಧ: ನಗೆ ಲಾಸ್ಯವಾಡುತ್ತದೆ, ರೋಗ ಲಾಸ್ಯವಾಡುವುದಿಲ್ಲ. ನರ್ತನಕ್ಕೆ ‘ರುದ್ರ’ ಹತ್ತಿದರೆ ಅದೂ ಕೆಟ್ಟದ್ದಕ್ಕೇ: ‘ಸಾವಿನ ರುದ್ರನರ್ತನ’. ಇವು ಅಲಂಕಾರದ ಬಳಕೆ, ಪಟ್ಟಿಯಲ್ಲಿ ಪ್ರತ್ಯೇಕ ಕಾಲಂ ಬೇಕು. ಮೂರಕ್ಕೂ ‘ಆಡು’ ಎಂಬ ಕ್ರಿಯಾಪದ ಹತ್ತುವುದನ್ನೂ ಗಮನಿಸಿ.

ಸಿರುಗುಪ್ಪ ಗಡಿ:
‘ಆಡು’ ದೊಡ್ಡ ಪದ. ಆಟ ಆಡು, ಮಾತು ಆಡು, ಉಸಿರಾಡು, ಓಲಾಡು, ತೂಗಾಡು. ಚಲನೆ ಇರುವ ಕಡೆಯೆಲ್ಲ ಬರುತ್ತದೆ. ತೆಲುಗಿನಲ್ಲೂ ‘ಆಟ’ ಎಂದರೆ ಕುಣಿತವೂ ಹೌದು, ಕ್ರೀಡೆಯೂ ಹೌದು. ‘ಆಟ ಪಾಟ’ ಎಂದರೆ ಕುಣಿತ ಹಾಡು. ಗಡಿಯ ಊರುಗಳಲ್ಲಿ ಅದೇ ಅರ್ಥ ಕನ್ನಡ ಮಾತಿನಲ್ಲೂ ಸಲೀಸು. ತೆಲುಗಿನ ‘ಚಿಂದು’ ಕೂಡ ಹೆಜ್ಜೆಯ ಕುಣಿತವೇ. ತಮಿಳರಲ್ಲಿ ಆಟ್ಟಂ, ಕೂತ್ತು. ತುಳುವಿನಲ್ಲಿ ನಲಿಕೆ, ನಮ್ಮ ‘ನಲಿ’ ಅದರ ಒಡಹುಟ್ಟು. ಹಳಗನ್ನಡದಲ್ಲಿ ‘ನಲಿ’ಗೆ ಕುಣಿ ಎಂಬ ಅರ್ಥವೂ ಇತ್ತು, ಈಗ ಸಂತೋಷದ ಅರ್ಥ ಮಾತ್ರ ಉಳಿದು ‘ನಲಿದಾಡು’ವಿನಲ್ಲಿ ಮೈಯ ಚಲನೆ ಒಂದಿಷ್ಟು ಕಾಣಿಸುತ್ತದೆ.

ದಖನಿ ಉರ್ದು ಮಾತಾಡುವ ಮಕ್ಕಳು ತರಗತಿಯಲ್ಲಿದ್ದರೆ ಒಂದು ಗೊಂದಲ ಬರುವುದು ಖಂಡಿತ. ಅವರ ‘ನಾಚ್’ ಎಂದರೆ ಕುಣಿ. ನಮ್ಮ ‘ನಾಚು’ ಎಂದರೆ ಸಂಕೋಚಪಡು. ‘ನಾಚ್’ ಬಂದದ್ದು ‘ನೃತ್ಯ’ದ ಪ್ರಾಕೃತ ರೂಪ ‘ನಚ್ಚ’ದಿಂದ. ‘ನಾಚು’ ‘ನಾಣ್’ ಎಂಬ ದ್ರಾವಿಡ ಬೇರಿನದು. ‘ಹುಡುಗಿ ನಾಚಿದಳು’ ಎಂಬುದನ್ನು ಆ ಮಕ್ಕಳು ಪೂರ್ತಿ ಬೇರೆ ಥರ ಓದಿಕೊಳ್ಳುತ್ತಾರೆ. ಪಟ್ಟಿಯ ಅಂಚಿನಲ್ಲಿ ಒಂದು ಸಾಲು ಬರೆದರೆ ಮೇಷ್ಟ್ರಿಗೆ ಅನುಕೂಲ.

ಕುಷ್ಟಗಿ ಕೋಲು:
ಕೋಲಾಟದ ಹೆಸರೇ ಹೇಳುವಂತೆ ಅದು ಕೋಲು ಹಿಡಿದ ಆಟ. ಆದ್ದರಿಂದ ‘ಕೋಲಾಟ ನೃತ್ಯ’ ಎಂದು ಬ್ಯಾನರಿನಲ್ಲಿ ಬರೆಯುವುದು ದಂಡ, ‘ಕೋಲಾಟ’ ಅಂದರೆ ಮುಗಿಯಿತು. ಕ್ರಿಯಾಪದ ಎರಡು: ‘ಕೋಲಾಟ ಆಡು’, ‘ಕೋಲು ಹಾಕು’. ‘ಕೋಲಾಟ ಕುಣಿ’ ಎನ್ನುವುದು ನಮ್ಮಲ್ಲಿ ಇಲ್ಲ.

ಕೋಲಾಟದೊಳಗಿನ ಪದಗಳೂ ನಿಮ್ಮ ಪಟ್ಟಿಗೆ ಬೇಕು, ಅವು ಬರೀ ಹೆಸರಲ್ಲ, ಒಂದೊಂದು ಚಲನೆ. ಕೋಲು ಒಂದೂವರೆ ಅಡಿ ಆಸುಪಾಸು, ಹೆಬ್ಬೆರಳ ದಪ್ಪ, ಚೆನ್ನಾಗಿ ಒಣಗಿದ ಗಟ್ಟಿ ಕಟ್ಟಿಗೆ. ಹಸಿ ಕಟ್ಟಿಗೆ ಪೆಟ್ಟಿಗೆ ನಾದ ಕೊಡುವುದಿಲ್ಲ, ನಾದ ಇಲ್ಲದಿದ್ದರೆ ಲಯ ಕೈಗೆ ಸಿಗುವುದಿಲ್ಲ. ತುದಿಯಿಂದ ನಾಲ್ಕು ಬೆರಳು ಒಳಗೆ ತಾಗಬೇಕು; ತೀರ ತುದಿಗೆ ತಾಗಿದರೆ ಜಾರಿ ಪಕ್ಕದವರ ಬೆರಳಿಗೆ ಬೀಳುತ್ತದೆ.

ಜಡೆ ಕೋಲಾಟದಲ್ಲಿ ‘ಹೆಣೆ’, ‘ಬಿಚ್ಚು’ ಎಂಬ ಎರಡು ಕ್ರಿಯಾಪದಗಳೇ ಆಟದ ಜೀವ. ನಡುವಿನ ಕಂಬದ ತುದಿಯ ಬಳೆಗೆ ಬಣ್ಣದ ಹಗ್ಗ ಅಥವಾ ಸೀರೆಪಟ್ಟಿ ಕಟ್ಟುತ್ತಾರೆ. ಕಂಬ 10 ಅಡಿ ಇದ್ದರೆ ಹಗ್ಗ 15 ಅಡಿಗೆ ಕಡಿಮೆ ಆಗಬಾರದು, ಹೆಣೆದಂತೆ ಹಗ್ಗ ಕಂಬದ ಕಡೆಗೆ ತಿನ್ನುತ್ತಾ ಹೋಗುತ್ತದೆ. ಆಟಗಾರರು ಸಮಸಂಖ್ಯೆಯಲ್ಲೇ ಇರಬೇಕು, 8, 12 ಅಥವಾ 16. ಒಬ್ಬರು ಬಿಟ್ಟು ಒಬ್ಬರು ಬಲಸುತ್ತು, ಉಳಿದವರು ಎಡಸುತ್ತು. ಎದುರಿಗೆ ಬಂದ ಮೊದಲನೆಯವರ ಒಳಗಿನಿಂದ, ಎರಡನೆಯವರ ಹೊರಗಿನಿಂದ, ಮತ್ತೆ ಒಳಗಿನಿಂದ. ಕೋಲು ಹೊಡೆಯುವುದು ದಾಟುವ ಆ ಕ್ಷಣಕ್ಕೇ ಸರಿಯಾಗಿ. ಬಿಚ್ಚುವಾಗ ಎಲ್ಲರೂ ನಿಂತಲ್ಲೇ ತಿರುಗಿ, ಕೊನೆಗೆ ಹೇಗೆ ದಾಟಿದ್ದರೋ ಅದೇ ರೀತಿ ವಾಪಸು ದಾಟುತ್ತಾ ಹೋಗಬೇಕು. ಯಾರಾದರೂ ಒಬ್ಬರು ಎರಡು ಸಲ ಸಾಲಾಗಿ ಒಳಗಿನಿಂದ ಹೋದರೂ ಅಲ್ಲಿ ಗಂಟು ಬೀಳುತ್ತದೆ. ಹೆಣೆಯುವಾಗ ಅದು ಕಣ್ಣಿಗೆ ಕಾಣುವುದಿಲ್ಲ, ಬಿಚ್ಚುವಾಗ ಆ ಜಾಗಕ್ಕೆ ಬಂದು ಎಲ್ಲರೂ ನಿಲ್ಲಬೇಕಾಗುತ್ತದೆ. ಹಗ್ಗ ಎಳೆದರೆ ಗಂಟು ಇನ್ನೂ ಬಿಗಿ. ತಪ್ಪಿದವರನ್ನು ಮಾತ್ರ ಒಂದು ಹೆಜ್ಜೆ ಹಿಂದಕ್ಕೆ ಕರೆದು, ಹೆಣೆಯುವಾಗ ಹೋದಂತೆ ಒಳಗಿನಿಂದಲೇ ದಾಟಿಸಬೇಕು. ಹೊಸ ತಂಡಕ್ಕೆ ಮೊದಲು ಕೋಲಿಲ್ಲದೆ, ಬಾಯಲ್ಲಿ ‘ಒಳಗ–ಹೊರಗ’ ಎನ್ನಿಸುತ್ತಾ ಬರೀ ನಡಿಗೆಯಲ್ಲಿ ಕಲಿಸುವುದು ಇದೇ ಕಾರಣಕ್ಕೆ.

ಗಂಗಾವತಿ ಓದುಗ:
ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲೂ ಕೋಲು ಹಿಡಿದ ಹೆಂಗಸರ ಸಾಲು ಇದೆ. ಪಠ್ಯಕ್ಕೆ ಆ ಚಿತ್ರ ಹಾಕಿದರೆ ಒಳ್ಳೆಯದು.

ಹೊಸಪೇಟೆ ಪಟ್ಟಿಕೆ:
ಹಾಕಿ, ಆದರೆ ಚಿತ್ರದ ಕೆಳಗೆ ಬರೆಯುವ ಪದಕ್ಕೆ ಎಚ್ಚರ ಬೇಕು. ಕಲ್ಲಿನಲ್ಲಿರುವುದು ಕುಣಿತದ ಒಂದು ಕ್ಷಣ. ಅದಕ್ಕೆ ಭಂಗಿ, ನಿಲುವು ಎಂಬ ಪದಗಳಿವೆ. ಶಾಸ್ತ್ರದಲ್ಲಿ ನಿಂತ ನಿಲುವಿಗೆ ಸ್ಥಾನಕ. ‘ಕುಣಿತದ ಭಂಗಿ’ ಎಂದು ಬರೆಯಬಹುದು, ಭಂಗಿಯನ್ನೇ ಕುಣಿತಕ್ಕೆ ಸಮಾನ ಎಂದು ಕೊಡಬಾರದು.

ಈ ಭೇದ ವಿಜಯನಗರದ ಕುಣಿತದ ಗುರುಗಳಿಗೆ ಎಷ್ಟು ಮುಖ್ಯವಾಗಿತ್ತು ಎನ್ನುವುದಕ್ಕೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ಬರಹವೇ ಸಾಕ್ಷಿ. ಕೃಷ್ಣದೇವರಾಯನ ಕಾಲ, 1520ರ ಹೊತ್ತು. ಅರಮನೆಯ ಹೆಂಗಸರು ಕುಣಿತ ಕಲಿಯುವ ಒಂದು ಉದ್ದನೆಯ ಮಂಟಪವನ್ನು ಅವನು ಕಂಡ. ಅಲ್ಲಿನ ಫಲಕಗಳ ಮೇಲೆ ಒಂದೊಂದು ಕುಣಿತ ಮುಗಿಯುವಾಗ ನಿಲ್ಲಬೇಕಾದ ನಿಲುವನ್ನು ಕೆತ್ತಿದ್ದರು. ಕಲಿಯುವವಳಿಗೆ ಕೊನೆಯ ನಿಲುವು ಮರೆತರೆ ಫಲಕ ನೋಡಿ ತಿದ್ದಿಕೊಳ್ಳಲಿ ಎಂದು. ಮೈ ಸಡಿಲಿಸಲು, ಕಾಲು ಚಾಚಲು ಕೈಯಿಂದ ಹಿಡಿದು ಜೋತುಬೀಳುವ ಜಾಗವೂ ಅದೇ ಮಂಟಪದಲ್ಲಿತ್ತು ಎಂದು ಬರೆದಿದ್ದಾನೆ. ಕುಣಿತ ಹರಿಯುವುದು, ಭಂಗಿ ಅದು ಬಂದು ನಿಲ್ಲುವ ಜಾಗ. ಹರಿಯುವುದನ್ನು ಗುರು ಕುಣಿದು ತೋರಿಸುತ್ತಿದ್ದರು, ನಿಲ್ಲುವುದನ್ನು ಫಲಕ ತೋರಿಸುತ್ತಿತ್ತು.

ಕುಣಿಯುವವರ ಹೆಸರುಗಳನ್ನೂ ಪಟ್ಟಿಗೆ ಸೇರಿಸುತ್ತೀರಾದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ನೋಡಬೇಕು. 12ನೇ ಶತಮಾನದ ಆ ಸಂಸ್ಕೃತ ಗ್ರಂಥದ ನೃತ್ಯವಿನೋದ ಭಾಗದಲ್ಲಿ ಆರು ಬಗೆಯವರು ಬರುತ್ತಾರೆ: ನಟ, ನರ್ತಕ, ನರ್ತಕಿ, ವೈತಾಳಿಕ, ಚಾರಣ, ಕೊಲ್ಲಾಟಿಕ. ಕೊಲ್ಲಾಟಿಕ ಎಂದರೆ ಲಾಗ ಹಾಕುವ ದೊಂಬರ ಬಗೆಯವನು. ಎಂಟು ನೂರು ವರ್ಷ ಹಿಂದೆಯೇ ಇವರನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದರು, ನಾವು ಎಲ್ಲರನ್ನೂ ‘ನೃತ್ಯಪಟು’ವಿಗೆ ಇಳಿಸಿಬಿಟ್ಟಿದ್ದೇವೆ.

ಕೊಪ್ಪಳ ಪದಪಟ್ಟಿ:
‘ಪಾತ್ರ’ ಎಂಬ ಪದಕ್ಕೂ ಕುಣಿತಕ್ಕೂ ನಂಟಿದೆ ಎಂದು ಕೇಳಿದ್ದೇವೆ. ಬಲ್ಲವರು ಬಿಡಿಸಿ ಹೇಳುವಿರಾ?

ಬಳ್ಳಾರಿ ವ್ಯಾಕರಣ:
ಇದೆ. ಈಗ ಪಾತ್ರ ಎಂದರೆ ನಾಟಕದೊಳಗಿನ ವ್ಯಕ್ತಿ. ಹಳೆಯ ಶಾಸನಗಳಲ್ಲಿ, ಕಾವ್ಯಗಳಲ್ಲಿ ಪಾತ್ರ ಎಂದರೆ ಕುಣಿಯುವವಳೇ. ದೇವಸ್ಥಾನಕ್ಕೆ ಬಿಟ್ಟ ದತ್ತಿಯಲ್ಲಿ ಪಾತ್ರದವರಿಗೆ ಇಷ್ಟು ಎಂದು ಬರುತ್ತದೆ. ಅದೇ ಆಡುಮಾತಿನಲ್ಲಿ ‘ಪಾತರ’, ‘ಪಾತರದವರು’ ಆಯಿತು, ಮುಂದೆ ಅದಕ್ಕೆ ಹೀನಾರ್ಥ ಹತ್ತಿತು. ಉತ್ತರ ಕರ್ನಾಟಕದಲ್ಲಿ ಚಿಟ್ಟೆಗೆ ‘ಪಾತರಗಿತ್ತಿ’ ಎನ್ನುತ್ತೇವಲ್ಲ, ಅದೂ ಇದೇ ಪದ: ಕುಣಿಯುವಾಕೆ. ಮಕ್ಕಳಿಗೆ ಚಿಟ್ಟೆಯ ಕಡೆಯಿಂದ ಹೇಳಿದರೆ ಹಿಡಿಸುತ್ತದೆ.

‘ಗೆಜ್ಜೆ’ಯ ನುಡಿಗಟ್ಟುಗಳಿಗೂ ಎಚ್ಚರ ಬೇಕು. ‘ಗೆಜ್ಜೆ ಕಟ್ಟು’ ಎಂದರೆ ಕುಣಿತಕ್ಕೆ ಇಳಿ ಎಂಬ ಒಳ್ಳೆಯ ಅರ್ಥ. ಆದರೆ ‘ಗೆಜ್ಜೆಪೂಜೆ’ ನಗರದ ನೃತ್ಯಶಾಲೆಯಲ್ಲಿ ಕಲಿಕೆಯ ಒಂದು ಘಟ್ಟ, ನಮ್ಮ ಭಾಗದಲ್ಲಿ ದೇವದಾಸಿ ಪದ್ಧತಿಯ ನೆನಪು. ಆ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದೆ, ಅದರ ನೋವು ಮಾತ್ರ ಮನೆಗಳಲ್ಲಿ ಇನ್ನೂ ಇದೆ. ಎಂಟನೇ ತರಗತಿಯ ಪಟ್ಟಿಗೆ ಆ ಪದ ಬೇಡ.

ಮುದಗಲ್ ಹೆಜ್ಜೆ:
ಅದು ಖರೇ ಮಾತ್ರಿ ಸರ್. ಹಂಗೇ ‘ಕುಣಿಯಾಕಿ’ ಅನ್ನೋದನ್ನೂ ಬಿಡ್ರಿ. ಹೆಣ್ಣುಮಕ್ಕಳಿಗೆ ಅದನ್ನ ಬೈಗುಳ ಮಾಡ್ಯಾರ. ‘ಕೋಲಾಟದವರು’, ‘ಕಲಾವಿದೆ’ ಅಂದ್ರ ಮರ್ಯಾದಿ ಉಳಿತೈತಿ.

ಹೊಸಪೇಟೆ ಪಟ್ಟಿಕೆ:
ಜೋಗತಿ ಕಲಾವಿದರ ವಿಷಯದಲ್ಲೂ ಇದೇ ಮಾತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ‘ಜೋಗತಿ ನೃತ್ಯ’ ಎಂಬ ಹೆಸರು ನಾಡಿಗೆಲ್ಲ ಪರಿಚಯ. ಅಲ್ಲಿ ‘ನೃತ್ಯ’ ಎಂಬ ಪದವೇ ಇರಲಿ, ಅದು ಗೌರವ ತಂದ ಹೆಸರು. ತಲೆಯ ಮೇಲೆ ಕೊಡ, ಕೈಯಲ್ಲಿ ಚೌಡಿಕೆ ಎಂಬ ತಂತಿವಾದ್ಯ. ಕೊಡ ಹೊರುವುದು, ಚೌಡಿಕೆ ನುಡಿಸುವುದು ಎಂದೇ ಬಳಸಿ. ಕೊಡ ಅಲುಗದಂತೆ ಕತ್ತು ನೆಟ್ಟಗಿಟ್ಟು ಸೊಂಟದಿಂದ ಕೆಳಗೆ ಮಾತ್ರ ಚಲಿಸುವ ಬಗೆ ಅದು, ‘ಕುಣಿದಾಡು’ ಎಂಬ ಮಾತು ಅಲ್ಲಿ ಸಲ್ಲದು.

ಕುರುಗೋಡು ಬಯಲಾಟ:
‘ಆಟ’ದ ಬಗ್ಗೆ ಬಳ್ಳಾರಿ ಕಡೆಯಿಂದ ಒಂದಿಷ್ಟು ಸೇರಿಸಬೇಕು. ನಮ್ಮಲ್ಲಿ ‘ಈ ಸಲ ಆಟ ಐತೆ’ ಅಂದರೆ ಬಯಲಾಟ, ಬೇರೆ ಅರ್ಥವೇ ಬರುವುದಿಲ್ಲ. ಆಟ ಆಡ್ತಾರೆ, ಮಾಸ್ತರು ಆಟ ಕಲಿಸ್ತಾರೆ, ಕಲಿಯೋದು ತಾಲೀಮು. ಕುಣಿತ ಅನ್ನೋದು ಆಟದೊಳಗಿನ ಒಂದು ಭಾಗ. ಭಾಗವತರು ಪದ ಎತ್ತುತ್ತಾರೆ, ಪಾತ್ರಧಾರಿ ಕುಣಿಯುತ್ತಾನೆ, ಪದ ಮುಗಿದ ಮೇಲೆ ನಿಂತು ಮಾತು ಹೇಳುತ್ತಾನೆ. ಹೀಗಾಗಿ ಆಟ ಪೂರ್ಣ, ಕುಣಿತ ಅಂಗ. ಎರಡನ್ನೂ ಸಮಾನ ಎಂದು ಬರೆದರೆ ಪಾತ್ರ ಮಾಡಿದವರೇ ಒಪ್ಪುವುದಿಲ್ಲ.

ಅಟ್ಟದ (ಆಟದ ವೇದಿಕೆ) ಮೇಲೆ ಮರದ ಹಲಗೆ ಹಾಸಿರುತ್ತಾರೆ. ಹಿಮ್ಮಡಿ ಬಿದ್ದಾಗ ಹಲಗೆ ಮದ್ದಳೆಗೆ ಜೊತೆಯಾಗಿ ನುಡಿಯಬೇಕು. ಹಲಗೆಯ ಅಡಿ ಮಣ್ಣು ತುಂಬಿಬಿಟ್ಟರೆ ಸದ್ದು ಸತ್ತು, ಹಿಂದೆ ಕುಳಿತವರಿಗೆ ಹೆಜ್ಜೆ ಮುಟ್ಟುವುದಿಲ್ಲ. ಕಿರೀಟ, ಭುಜಕೀರ್ತಿಯ ಭಾರ ಮೇಲಿರುವುದರಿಂದ ಮಂಡಿ ಸ್ವಲ್ಪ ಮಡಿಸಿಯೇ ಕುಣಿಯಬೇಕು. ನೆಟ್ಟಗೆ ನಿಂತು ಕುಣಿದವನ ಕಿರೀಟ ಎರಡು ಪದಕ್ಕೆ ವಾಲುತ್ತದೆ. ತಾಲೀಮಿನಲ್ಲಿ ವೇಷ ಇಲ್ಲದೆ ಕಲಿತವರು ಆಟದ ರಾತ್ರಿ ತಡವರಿಸುವುದು ಇದಕ್ಕೇ, ಆದ್ದರಿಂದ ತಿಳಿದ ಮಾಸ್ತರು ಕೊನೆಯ ದಿನಗಳಲ್ಲಿ ತಲೆಗೆ ಭಾರದ ರುಮಾಲು ಸುತ್ತಿಸಿ ಕುಣಿಸುತ್ತಾರೆ.

ಗಂಗಾವತಿ ಓದುಗ:
ಕರಡಿ ಮಜಲು? ಅದು ಕರಡಿಯ ಕುಣಿತವೆಂದು ಒಂದು ಮಕ್ಕಳ ಪುಸ್ತಕದಲ್ಲಿತ್ತು.

ಕುಷ್ಟಗಿ ಕೋಲು:
ತಪ್ಪು. ಕರಡಿ ಎಂಬುದು ಅಲ್ಲಿ ಚರ್ಮವಾದ್ಯ. ಸನಾದಿ, ತಾಳದ ಜೊತೆ ಬಾರಿಸುವ ವಾದ್ಯಮೇಳಕ್ಕೆ ಕರಡಿ ಮಜಲು ಎನ್ನುತ್ತಾರೆ. ಪ್ರಾಣಿಗೆ ಸಂಬಂಧವಿಲ್ಲ. ಹೀಗೇ ‘ಡೊಳ್ಳಿನ ಪದ’ ಹಾಡಿಕೆ, ‘ಡೊಳ್ಳು ಕುಣಿತ’ ಕುಣಿತ. ಡೊಳ್ಳು ಎರಡರಲ್ಲೂ ಇದೆ ಎಂದು ಒಂದೇ ಮಾಡಬೇಡಿ. ಡೊಳ್ಳಿಗೆ ‘ಬಾರಿಸು’, ‘ಹೊಡಿ’. ವೀರಭದ್ರನ ಸೇವೆಯ ಪುರವಂತರದ್ದಾದರೆ ಒಡಪು (ಹೊಗಳಿಕೆಯ ನುಡಿ) ಹೇಳುತ್ತಾರೆ, ಶಸ್ತ್ರ ಹಾಕುತ್ತಾರೆ, ನಡುವೆ ಕುಣಿಯುತ್ತಾರೆ, ಒಟ್ಟಿಗೆ ಪುರವಂತಿಕೆ.

ಕೊಪ್ಪಳ ಪದಪಟ್ಟಿ:
ಎಲ್ಲರಿಗೂ ಶರಣು. ಕೊನೆಯದಾಗಿ ಒಂದು ಕೆಲಸದ ಪ್ರಶ್ನೆ. ಮಕ್ಕಳಿಗೆ ‘ಸರಿಯಾದ ಪದ ಆರಿಸಿ’ ಅಭ್ಯಾಸಕ್ಕೆ ನಾಲ್ಕು ವಾಕ್ಯ ಹೊಂದಿಸಿದ್ದೇವೆ, ನೋಡಿ ತಿದ್ದಿ.
ಅಲಾಯಿ ಮುಂದೆ ಯುವಕರು ಹೆಜ್ಜೆ (ಹಾಕಿದರು / ಮಾಡಿದರು).
ಜಾತ್ರೆಯಲ್ಲಿ ಹುಡುಗಿಯರು ಕೋಲಾಟ (ಆಡಿದರು / ಕುಣಿದರು).
ಬಹುಮಾನ ಬಂತೆಂದು ಮಗು (ನರ್ತಿಸಿತು / ಕುಣಿದಾಡಿತು).
ತಿಲ್ಲಾನ ಒಂದು (ನೃತ್ತ / ನಾಟ್ಯ).

ರಾಯಚೂರು ಶಾಸ್ತ್ರ:
ನಾಲ್ಕನೆಯದಕ್ಕೆ ಮುಂಚೆ ನೃತ್ತದ ವಿವರಣೆ ಒಂದು ಸಾಲಾದರೂ ಕೊಡಿ. ಇಲ್ಲದಿದ್ದರೆ ಮಕ್ಕಳು ‘ನೃತ್ತ’ವನ್ನು ‘ನೃತ್ಯ’ದ ಅಚ್ಚಿನ ದೋಷ ಎಂದುಕೊಳ್ಳುತ್ತಾರೆ. ಎರಡೂ ಪದಗಳ ಒತ್ತಕ್ಷರ ದಪ್ಪ ಅಕ್ಷರದಲ್ಲಿ ಬರಲಿ.

ಬಳ್ಳಾರಿ ವ್ಯಾಕರಣ:
ಮೂರನೆಯದರಲ್ಲಿ ‘ನರ್ತಿಸಿತು’ ಎಂಬುದು ತಪ್ಪು ಎಂದು ಅಂಕ ಕಡಿಯಬೇಡಿ. ವ್ಯಾಕರಣದಲ್ಲಿ ತಪ್ಪಿಲ್ಲ, ಹೊಂದಿಕೆ ಇಲ್ಲ ಅಷ್ಟೆ. ಪ್ರಶ್ನೆಯನ್ನು ‘ಹೆಚ್ಚು ಹೊಂದುವ ಪದ ಆರಿಸಿ’ ಎಂದು ಬದಲಿಸಿ. ‘ನವಿಲು ನರ್ತಿಸಿತು’ ಎಂಬಲ್ಲಿ ಅದೇ ಪದ ಚೆನ್ನಾಗಿ ಕೂಡುತ್ತದೆ, ‘ನವಿಲು ಕುಣಿಯಿತು’ ಕೂಡ ಸರಿ, ‘ನವಿಲು ನೃತ್ಯ ಮಾಡಿತು’ ಪರವಾಗಿಲ್ಲ. ಆ ಮೂರನ್ನೂ ಐದನೇ ಪ್ರಶ್ನೆಯಾಗಿ ಕೊಟ್ಟು ಮಕ್ಕಳಿಂದಲೇ ವ್ಯತ್ಯಾಸ ಹೇಳಿಸಿ.

ಮುದಗಲ್ ಹೆಜ್ಜೆ:
ಮೊದಲನೇ ವಾಕ್ಯದಾಗ ‘ಅಲಾಯಿ ಮುಂದೆ’ ಅಲ್ಲ, ‘ಅಲಾಯಿ ಕುಣಿ ಸುತ್ತ’ ಅಂತ ಬರೀರಿ. ಹೆಜ್ಜಿ ಹಾಕೋದು ಸುತ್ತುವರಿದು, ಒಂದೇ ಬದಿಗೆ ನಿಂತಲ್ಲ.